ಗಂಡಕಿಯ ಉಪ್ಪಿನ ದಾರಿ

ಕನ್ನಡ ನಾಡಿನ ಮಾಧ್ವರ ಮತ್ತು ಶ್ರೀವೈಷ್ಣವರ ಮನೆಗಳಲ್ಲಿ, ದೇವರ ಸಂಪುಟದೊಳಗೆ ಗಂಧ ತುಳಸಿಗಳ ನಡುವೆ ತಲೆಮಾರುಗಳಿಂದ ನಿತ್ಯಾಭಿಷೇಕವನ್ನು ಪಡೆಯುತ್ತ ಬಂದಿರುವ ಸಾಲಗ್ರಾಮವು ಯಾವ ದಾರಿಯಿಂದ, ಯಾರ ಜೋಳಿಗೆಯಲ್ಲಿ, ಎಷ್ಟು ಕೈಗಳನ್ನು ದಾಟಿ ಇಲ್ಲಿಗೆ ಬಂದಿತೆಂಬುದನ್ನು ವಿಚಾರಿಸುವವರು ವಿರಳ. ಅದು ಗಂಡಕಿಯಲ್ಲಿ ದೊರೆಯುವುದೆಂಬಷ್ಟು ಎಲ್ಲರಿಗೂ ಗೊತ್ತು. ಆ ನದಿಯ ದಂಡೆಯಲ್ಲಿ ಬಾಳುವ ಜನರು ಯಾರು, ಅವರ ಜೀವನೋಪಾಯವೇನು ಎಂಬುದು ನಮ್ಮ ಭಕ್ತಿಯ ಪರಿಧಿಯೊಳಕ್ಕೆ ಬಂದಂತೆ ಕಾಣದು. ನೇಪಾಳದ ಉತ್ತರದ ಅಂಚಿನಲ್ಲಿ, ಮುಸ್ತಾಂಗಿನ ಬರಡು ಪ್ರಸ್ಥಭೂಮಿಯಲ್ಲಿ ಹುಟ್ಟುವ ಕಾಲೀ ಗಂಡಕಿಯು, 8,167 ಮೀಟರು ಎತ್ತರದ ಧವಲಗಿರಿಗೂ 8,091 ಮೀಟರು ಎತ್ತರದ ಅನ್ನಪೂರ್ಣೆಗೂ ನಡುವೆ ಹಿಮಾಲಯವನ್ನು ಸೀಳಿಕೊಂಡು ದಕ್ಷಿಣಾಭಿಮುಖವಾಗಿ ಹರಿಯುವಾಗ, ದಡದ ಕಪ್ಪು ಪದರುಗಲ್ಲಿನಿಂದ ಕಳಚಿದ ಉಂಡೆಗಳನ್ನು ಹೊರಳಿಸಿ ತರುತ್ತದೆ. ಅವನ್ನು ಒಡೆದರೆ ಒಳಗೆ ಸುರುಳಿ ಸುತ್ತಿದ ಚಕ್ರ. ಹಿಮಾಲಯವು ಮೇಲೇಳುವುದಕ್ಕೆ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಅಮೋನೈಟ್ ಎಂಬ ಜೀವಿಯ ಅವಶೇಷವದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸುದರ್ಶನ ಚಕ್ರವೆಂದು ಆಸ್ತಿಕರು ಕೈಮುಗಿಯುತ್ತಾರೆ. ಈ ಎರಡು ಪಂಗಡದವರೂ ಅದೇ ಕಣಿವೆಯ ಅದೇ ದಾರಿಯನ್ನೇ ಹತ್ತಬೇಕಾಗಿದೆ.

ಆ ದಾರಿಯ ಚರಿತ್ರೆಯನ್ನು ಬಲ್ಲವರಿಗೆ ನೇಪಾಳದ ಪ್ರವಾಸೋದ್ಯಮದ ಚರಿತ್ರೆಯು ಬೇರೊಂದು ಬಗೆಯಾಗಿ ತೋರುತ್ತದೆ. ರೂಢಿಯ ಕಥೆ ಎಲ್ಲರಿಗೂ ಪರಿಚಿತವಾದುದು: 1951ರಲ್ಲಿ ರಾಣಾ ಮನೆತನದ ಆಳ್ವಿಕೆ ಮುಗಿದು ಮುಚ್ಚಿದ ಬಾಗಿಲು ತೆರೆಯಿತು; 1953ರ ಮೇ 29ರಂದು ತೇನ್‌ಸಿಂಗನೂ ಹಿಲರಿಯೂ ಎವರೆಸ್ಟಿನ ನೆತ್ತಿಯನ್ನು ಮೆಟ್ಟಿದರು; ಜಗತ್ತು ಆ ಕಡೆಗೆ ತಿರುಗಿ ನೋಡಿತು; ಪ್ರವಾಸಿಗರು ಬಂದರು, ಹಣ ಬಂದಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪರ್ವತದ ಸೌಂದರ್ಯವೇ ಹಣವನ್ನು ತರುವುದಾಗಿದ್ದರೆ ನೇಪಾಳದ ಪ್ರತಿಯೊಂದು ಕಣಿವೆಯೂ ಸಮಾನವಾಗಿ ಸಂಪನ್ನವಾಗಬೇಕಾಗಿದ್ದಿತು, ಹಾಗಾಗಲಿಲ್ಲ. ಹಣವು ಎಲ್ಲಿ ನಿಂತಿತು, ಎಲ್ಲಿ ನಿಲ್ಲದೆ ಹರಿದುಹೋಯಿತು ಎಂದು ನೋಡುತ್ತ ಹೋದರೆ, ದಾರಿಹೋಕನನ್ನು ಇಳಿಸಿಕೊಂಡು, ಉಣಬಡಿಸಿ, ಲೆಕ್ಕ ಬರೆದು ಕಳುಹಿಸುವ ವಿದ್ಯೆಯು ಮೊದಲೇ ಎಲ್ಲಿ ನೆಲೆಗೊಂಡಿದ್ದಿತೋ ಅಲ್ಲಿಯೇ ಅದು ಹೆಚ್ಚಾಗಿ ನಿಂತಿರುವುದು ಕಾಣಬರುತ್ತದೆ.

ಆತಿಥ್ಯವು ಆ ನಾಡಿಗೆ ಹೊಸತಾಗಿರಲಿಲ್ಲ. ಕಠ್ಮಂಡು ನಗರಕ್ಕೆ ಹೆಸರನ್ನು ಕೊಟ್ಟ ಕಾಷ್ಠಮಂಡಪವೇ ಮೂಲತಃ ದಾರಿಹೋಕರೂ ಸಾಧುಗಳೂ ತಂಗುವುದಕ್ಕೆಂದು ಕಟ್ಟಿದ ಮರದ ಸತ್ರ. 2015ರ ಭೂಕಂಪದಲ್ಲಿ ಅದು ಕುಸಿದು, ಬಳಿಕ ಹಳೆಯ ಮಾದರಿಯಲ್ಲಿಯೇ ಮತ್ತೆ ಎದ್ದು ನಿಂತಿದೆ. ಬೀದಿಯ ಮಗ್ಗುಲಿನ ಜಗುಲಿಗಳಾದ ಪಾಟಿಗಳು, ದೊಡ್ಡ ಛತ್ರಗಳಾದ ಸತ್ತಲ್‌ಗಳು, ಶಿಲೆಯ ಮಕರಮುಖದಿಂದ ನೀರು ಸುರಿಯುವ ಹಿಟಿಗಳು, ಇವನ್ನೆಲ್ಲ ನಡೆಸುವುದಕ್ಕೆ ಭೂಮಿಯನ್ನು ಉಂಬಳಿಯಾಗಿ ಬಿಟ್ಟ ಗುಠಿಗಳೆಂಬ ದತ್ತಿಸಂಸ್ಥೆಗಳು ಮಲ್ಲ ಅರಸರ ಕಾಲದಲ್ಲಿಯೇ ಬೆಳೆದುನಿಂತಿದ್ದುವು. ಬೆಟ್ಟದ ಏರುದಾರಿಗಳಲ್ಲಿ ಸತ್ತ ಹಿರಿಯರ ಹೆಸರಿನಲ್ಲಿ ಅರಳಿಯನ್ನೂ ಆಲವನ್ನೂ ಜೊತೆಗೂಡಿಸಿ ನೆಟ್ಟು ಸುತ್ತ ಕಲ್ಲಿನ ಕಟ್ಟೆಯನ್ನು ಕಟ್ಟಿಸುವುದು ಪುಣ್ಯಕಾರ್ಯವಾಗಿದ್ದಿತು. ಚೌತಾರಿಯೆಂಬ ಈ ಕಟ್ಟೆಯ ಕೆಳಗಿನ ಮೆಟ್ಟಿಲಿನಲ್ಲಿ ಒಂದು ವಿಶೇಷವುಂಟು: ಬೆನ್ನ ಮೇಲೆ ಹೊರೆಯನ್ನು ಹೊತ್ತವನು ಬಾಗದೆ, ಯಾರ ಸಹಾಯವನ್ನೂ ಬೇಡದೆ, ಹಿಮ್ಮುಖವಾಗಿ ನಿಂತು ಹೊರೆಯ ತಳವನ್ನು ಅದರ ಮೇಲೆ ಊರಿದರೆ ಸಾಕು, ಭಾರವೆಲ್ಲ ಕಲ್ಲಿಗೆ ಇಳಿಯುತ್ತದೆ. ಆ ಎತ್ತರವನ್ನು ಗೊತ್ತುಮಾಡಿದವನು ತಾನೇ ಹೊರೆಯನ್ನು ಹೊತ್ತವನಾಗಿರಬೇಕು.

ಯಾತ್ರಿಕರಂತೂ ಎಂದಿನಿಂದಲೂ ಬರುತ್ತಿದ್ದರು. ರಾಣಾ ಪ್ರಭುಗಳು ಪರದೇಶೀಯರನ್ನು ಕಣ್ಣೆತ್ತಿ ನೋಡಲೂ ಅನುಮಾನಿಸುತ್ತಿದ್ದ ದಿನಗಳಲ್ಲಿಯೂ ಶಿವರಾತ್ರಿಯ ಕಾಲಕ್ಕೆ ರಹದಾರಿಯ ಬಂಧನವನ್ನು ಸಡಿಲಿಸುತ್ತಿದ್ದುದರಿಂದ, ಭಾರತದ ಬಯಲಿನಿಂದ ಸಹಸ್ರಾರು ಜನರು ಪಶುಪತಿನಾಥನ ಸನ್ನಿಧಿಗೆ ಹತ್ತಿಹೋಗುತ್ತಿದ್ದರು. ಅಲ್ಲಿ ಗರ್ಭಗುಡಿಯೊಳಗೆ ಪೂಜೆ ಸಲ್ಲಿಸುವ ಭಟ್ಟರು ನಮ್ಮ ಕರ್ನಾಟಕದಿಂದ ಹೋದವರು. ಶಂಕರಾಚಾರ್ಯರ ಕಾಲದಿಂದ ಬಂದ ಪದ್ಧತಿಯಿದೆಂಬ ಪ್ರತೀತಿಯನ್ನು ಒಪ್ಪಿದರೂ ಬಿಟ್ಟರೂ, ಶತಮಾನಗಳಿಂದ ಅದು ನಡೆದುಬಂದಿರುವುದರಲ್ಲಿ ಸಂದೇಹವಿಲ್ಲ. 2008ರ ಕೊನೆಯಲ್ಲಿ ಹೊಸ ಗಣರಾಜ್ಯದ ಸರಕಾರವು ಅದನ್ನು ಮುರಿದು ಸ್ಥಳೀಯರನ್ನು ನೇಮಿಸಹೊರಟಾಗ ಎದ್ದ ಕೋಲಾಹಲವು ಎಷ್ಟಾಯಿತೆಂದರೆ, ಆ ನೇಮಕವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇನ್ನೂ ಹಿಂದಕ್ಕೆ ಹೋದರೆ, 1097ರಲ್ಲಿ ಇಂದಿನ ನೇಪಾಳದ ತರಾಯಿ ಪ್ರದೇಶದ ಸಿಮ್ರೌನಗಢದಲ್ಲಿ ರಾಜ್ಯವನ್ನು ಕಟ್ಟಿದ ನಾನ್ಯದೇವನ ವಂಶವು ತನ್ನನ್ನು ಕರ್ಣಾಟವೆಂದೇ ಕರೆದುಕೊಂಡಿತು. ಇದನ್ನು ಹೇಳಿ ಹೆಮ್ಮೆಪಡುವುದು ನನ್ನ ಉದ್ದೇಶವಲ್ಲ. ಮುಚ್ಚಿದ ದೇಶವೆಂದು ಪಾಶ್ಚಾತ್ಯರು ಬಣ್ಣಿಸಿದ ನೇಪಾಳವು ದಕ್ಷಿಣದವರಿಗೆ ಎಂದೂ ಪೂರ್ತಿಯಾಗಿ ಮುಚ್ಚಿರಲಿಲ್ಲವೆಂಬಷ್ಟೇ ನನ್ನ ಮಾತು.

ಪಾಶ್ಚಾತ್ಯರಿಗೆ ಮಾತ್ರ ಅದು ನಿಜವಾಗಿಯೂ ಮುಚ್ಚಿದ್ದಿತು. 1816ರ ಸುಗೌಲಿ ಒಪ್ಪಂದದಂತೆ ಕಠ್ಮಂಡುವಿನಲ್ಲಿ ಕುಳಿತ ಬ್ರಿಟಿಷ್ ರೆಸಿಡೆಂಟನೂ ಕಣಿವೆಯನ್ನು ಬಿಟ್ಟು ಹೊರಗೆ ತಿರುಗಾಡುವಂತಿರಲಿಲ್ಲ. ದಾರಿಯನ್ನು ಕೆಟ್ಟದಾಗಿಯೇ ಇಟ್ಟಿರುವುದೂ ಒಂದು ರಾಜನೀತಿಯಾಗಿದ್ದಿತು. 1927ರಲ್ಲಿ ರಕ್ಸೌಲಿನಿಂದ ಅಮಲೇಖಗಂಜದವರೆಗೆ ಸಣ್ಣ ರೈಲನ್ನು ಹಾಕಿದರು. ಅಲ್ಲಿಂದ ಭೀಮಫೇದಿಯ ತನಕ ಮೋಟಾರು. ಮುಂದೆ ಚೀಸಾಪಾನಿಗಢಿಯನ್ನೂ ಚಂದ್ರಗಿರಿಯನ್ನೂ ಕಾಲ್ನಡೆಯಲ್ಲಿಯೋ ಡೋಲಿಯಲ್ಲಿಯೋ ದಾಟಬೇಕು. ರಾಜಧಾನಿಯೊಳಗೆ ಮಾತ್ರ ರಾಣಾಗಳು ಬೆಲೆಬಾಳುವ ಕಾರುಗಳಲ್ಲಿ ಸವಾರಿ ಮಾಡುತ್ತಿದ್ದರು. ಆ ಕಾರುಗಳನ್ನು ಬಿದಿರಿನ ಉದ್ದುದ್ದ ಗಳುಗಳ ಮೇಲೆ ಕಟ್ಟಿ, ಹತ್ತಾರು ಮಂದಿ ಹೊರೆಯಾಳುಗಳು ಹೆಗಲು ಕೊಟ್ಟು, ಬೆಟ್ಟದ ಕಡಿದಾದ ಓಣಿಗಳಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೊತ್ತು ತಂದಿದ್ದರು. ಆ ದೃಶ್ಯದ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಭಾರತದ ನೆರವಿನಿಂದ ತ್ರಿಭುವನ ರಾಜಮಾರ್ಗವು ಪೂರ್ತಿಯಾದುದು 1956ರಲ್ಲಿ. ಅದಕ್ಕೆ ಮೊದಲೇ ದನ ಮೇಯುತ್ತಿದ್ದ ಗೌಚರದ ಮೈದಾನದಲ್ಲಿ ವಿಮಾನಗಳು ಇಳಿಯತೊಡಗಿದ್ದುವು.

ವಿಮಾನದಲ್ಲಿ ಬಂದವರನ್ನು ಇಳಿಸಿಕೊಳ್ಳುವುದಕ್ಕೆ ಕಠ್ಮಂಡುವಿನಲ್ಲಿ ಹೋಟೆಲೆಂಬುದು ಇರಲಿಲ್ಲ. ಆ ಕೊರತೆಯನ್ನು ತುಂಬಿದವನು ಬೋರಿಸ್ ಲಿಸನೆವಿಚ್. ಒಡೆಸ್ಸಾದಲ್ಲಿ ಹುಟ್ಟಿ, ದ್ಯಾಗಿಲೆವ್‌ನ ಬ್ಯಾಲೆ ಮಂಡಳಿಯಲ್ಲಿ ನರ್ತಿಸಿ, ಕಲಕತ್ತೆಯಲ್ಲಿ ಕ್ಲಬ್ಬೊಂದನ್ನು ಸ್ಥಾಪಿಸಿ, ಅಲ್ಲಿ ದೊರೆ ತ್ರಿಭುವನನ ಸ್ನೇಹವನ್ನು ಸಂಪಾದಿಸಿದ ಈ ರಷ್ಯನ್, ಹಳೆಯ ರಾಣಾ ಅರಮನೆಯೊಂದರ ಭಾಗದಲ್ಲಿ ರಾಯಲ್ ಹೋಟೆಲನ್ನು ತೆರೆದನು. 1955ರಲ್ಲಿ ಥಾಮಸ್ ಕುಕ್ ಕಂಪನಿಯ ಮೂಲಕ ಬಂದ ಒಂದು ತಂಡಕ್ಕೆ ಪ್ರವೇಶಾನುಮತಿಯನ್ನು ದೊರಕಿಸಿಕೊಟ್ಟವನು ಅವನೇ. ಆ ಅತಿಥಿಗಳು ಪೈಪೋಟಿಯಿಂದ ಕುಕ್ರಿಗಳನ್ನೂ ಹಿತ್ತಾಳೆಯ ವಿಗ್ರಹಗಳನ್ನೂ ಕೊಳ್ಳುತ್ತಿರುವುದನ್ನು ಕಣ್ಣಾರೆ ಕಂಡ ದೊರೆ ಮಹೇಂದ್ರನು, ಪ್ರವಾಸಿಗರಿಂದ ಬೊಕ್ಕಸಕ್ಕೆ ಬರಬಹುದಾದ ಲಾಭವನ್ನು ಅರಿತು ವೀಸಾ ಕೊಡಲು ಒಪ್ಪಿದನೆಂದು ಹೇಳುತ್ತಾರೆ. ಕಥೆಯು ಸ್ವಲ್ಪ ನುಣುಪಾಗಿಯೇ ಇದೆ. ಬೋರಿಸನು ಕಥೆ ಹೇಳುವುದರಲ್ಲಿ ನಿಸ್ಸೀಮನಾಗಿದ್ದನೆಂಬುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. 1962ರಲ್ಲಿ ಸರಕಾರವು ಲೆಕ್ಕವಿಡಲು ತೊಡಗಿದಾಗ ಆ ವರ್ಷದ ಪ್ರವಾಸಿಗರು 6,179 ಮಂದಿ.

ಇಷ್ಟೆಲ್ಲ ಆಗುತ್ತಿದ್ದುದು ರಾಜಧಾನಿಯಲ್ಲಿ. ಈಗ ಮತ್ತೆ ಗಂಡಕಿಯ ಕಣಿವೆಗೆ ಹೋಗೋಣ.

ಧವಲಗಿರಿ ಅನ್ನಪೂರ್ಣೆಗಳ ನಡುವಣ ಆ ಮೇಲುಕಣಿವೆಗೆ ಥಾಕ್ ಖೋಲಾ ಎಂದು ಹೆಸರು, ಅಲ್ಲಿನವರು ಥಕಾಲಿಗಳು. ಟಿಬೆಟ್ಟಿನ ಪ್ರಸ್ಥಭೂಮಿಯ ಸರೋವರಗಳಲ್ಲಿ ಹೆಪ್ಪುಗಟ್ಟಿದ ಉಪ್ಪು ಯಾಕ್‌ಗಳ ಮೇಲೂ ಕುರಿಗಳ ಮೇಲೂ ದಕ್ಷಿಣಕ್ಕೆ ಇಳಿಯುತ್ತಿದ್ದಿತು. ನೇಪಾಳದ ಕೆಳಬೆಟ್ಟಗಳ ಅಕ್ಕಿ, ಮುಸುಕಿನ ಜೋಳ, ಯವಗಳು ಹೊರೆಯಾಳುಗಳ ಬೆನ್ನ ಮೇಲೂ ಹೇಸರಗತ್ತೆಗಳ ಮೇಲೂ ಉತ್ತರಕ್ಕೆ ಏರುತ್ತಿದ್ದುವು. ಮೇಲಿನವನಿಗೆ ಧಾನ್ಯ ದುರ್ಲಭ, ಕೆಳಗಿನವನಿಗೆ ಉಪ್ಪು ದುರ್ಲಭ. ಮೇಲಿನವನು ಕೆಳಗಿನ ಸೆಖೆಯನ್ನು ತಾಳಲಾರ, ಕೆಳಗಿನವನು ಮೇಲಿನ ಶೀತವನ್ನು ತಾಳಲಾರ. ಇಬ್ಬರೂ ಸಂಧಿಸಬಹುದಾದ ಹದವಾದ ಎತ್ತರದಲ್ಲಿ, ಸುಮಾರು 2,600 ಮೀಟರಿನ ಮೇಲೆ, ಥಕಾಲಿಗಳ ತುಕುಚೆ ಗ್ರಾಮವು ನಿಂತಿದ್ದಿತು. ಪ್ರಕೃತಿಯು ಕೊಟ್ಟ ಈ ಅನುಕೂಲಕ್ಕೆ ಸರಕಾರದ ಕೃಪೆಯೂ ಕೂಡಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಪ್ಪಿನ ಸುಂಕವನ್ನೂ ವ್ಯಾಪಾರದ ಏಕಸ್ವಾಮ್ಯವನ್ನೂ ರಾಣಾ ಸರಕಾರವು ಥಕಾಲಿ ಪ್ರಮುಖರಿಗೆ ಇಜಾರೆಗೆ ಕೊಟ್ಟು, ಸುಬ್ಬನೆಂಬ ಬಿರುದನ್ನೂ ಕರುಣಿಸಿತು. ಈ ಏಕಸ್ವಾಮ್ಯವು 1928ರ ಹೊತ್ತಿಗೆ ರದ್ದಾಗುವ ತನಕ ಸುಬ್ಬರ ಮನೆಗಳು ತುಕುಚೆಯಲ್ಲಿ ಕೋಟೆಗಳಂತೆ ಬೆಳೆದುವು. ಕೆತ್ತನೆಯ ಕಿಟಕಿಗಳುಳ್ಳ, ಒಳಾಂಗಣದ ಸುತ್ತ ಕಣಜಗಳುಳ್ಳ ಆ ಮನೆಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ಏಕಸ್ವಾಮ್ಯವು ಪ್ರಜೆಗಳಿಗೆ ಹಿಂಸೆಯಾಗಿದ್ದಿತೆಂಬುದರಲ್ಲಿ ಅನುಮಾನವಿಲ್ಲ. ಸುಬ್ಬನು ಹೇಳಿದ ಬೆಲೆಗೆ ಕೊಡಬೇಕು, ಹೇಳಿದ ಬೆಲೆಗೆ ಕೊಳ್ಳಬೇಕು. ಆದರೆ ಅದರಿಂದ ಆ ಸಣ್ಣ ಸಮಾಜಕ್ಕೆ ಮೂರು ವಸ್ತುಗಳು ದೊರೆತುವು: ಬಂಡವಾಳ, ಲೆಕ್ಕದ ಪುಸ್ತಕ, ಮತ್ತು ಅಪರಿಚಿತನೊಡನೆ ಮಾತನಾಡುವ ಧೈರ್ಯ. ಬಂಡವಾಳವನ್ನು ಕೂಡಿಸುವುದಕ್ಕೆ ಅವರಲ್ಲಿ ಧಿಕುರಿಯೆಂಬ ಪದ್ಧತಿಯಿದ್ದಿತು. ಹತ್ತಿಪ್ಪತ್ತು ಮಂದಿ ಸೇರಿ ಚೀಟಿ ಹಾಕಿ, ಕೂಡಿದ ಮೊತ್ತವನ್ನು ವರುಷಕ್ಕೊಬ್ಬರಂತೆ ಸರದಿಯಲ್ಲಿ ಎತ್ತಿಕೊಂಡು, ಎತ್ತಿಕೊಂಡವನು ಅದರಿಂದ ಹೇಸರಗತ್ತೆಗಳನ್ನು ಕೊಳ್ಳುವನು, ಇಲ್ಲವೆ ದಾರಿಯಲ್ಲಿ ಒಂದು ಭಟ್ಟಿಯನ್ನು ತೆರೆಯುವನು. ಬ್ಯಾಂಕು ಎಂಬುದು ಆ ಬೆಟ್ಟಗಳನ್ನು ಹತ್ತುವುದಕ್ಕೆ ಬಹುಕಾಲ ಮೊದಲಿನ ಮಾತು ಇದು.

ಭಟ್ಟಿಯನ್ನು ಕುರಿತು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನೇಪಾಳದ ಚಾರಣವೆಂಬ ಉದ್ಯಮದ ಬೀಜವು ಅಲ್ಲಿದೆ. ಅದೊಂದು ದಾರಿಬದಿಯ ಮನೆ. ಮುಂದಿನ ಕೋಣೆಯಲ್ಲಿ ಕೆಮ್ಮಣ್ಣು ಸಾರಿಸಿದ ಒಲೆ, ಒಲೆಯ ಸುತ್ತ ತಗ್ಗಾದ ಮಣೆಗಳು, ಮೇಲೆ ಹೊಗೆಗೆ ತೂಗುಹಾಕಿದ ಒಣಮಾಂಸ, ಹಿಂದಿನ ಗೋಡೆಯ ಹಲಗೆಗಳ ಮೇಲೆ ಕನ್ನಡಿಯಂತೆ ಬೆಳಗಿ ಸಾಲಾಗಿ ನಿಲ್ಲಿಸಿದ ಹಿತ್ತಾಳೆ ಕಂಚುಗಳ ತಟ್ಟೆಗಳು. ಒಲೆಯ ಮುಂದಿನ ಅಧಿಕಾರವೆಲ್ಲ ಮನೆಯೊಡತಿಯದು. ಅನ್ನ, ತೊವ್ವೆ, ತುಪ್ಪ, ಒಣಗಿಸಿ ಹುಳಿಬರಿಸಿದ ಸೊಪ್ಪಿನ ಗುಂದ್ರುಕ್, ಟಿಮುರ್ ಎಂಬ ಕಾಡುಮೆಣಸು ಹಾಕಿದ ಉಪ್ಪಿನಕಾಯಿ, ಅಕ್ಕಿಯಿಲ್ಲದ ಕಾಲಕ್ಕೆ ಫಾಪರ್ ಎಂಬ ಧಾನ್ಯದ ಹಿಟ್ಟಿನ ಮುದ್ದೆ; ಕೇಳಿದಷ್ಟು ಸಲ ಬಡಿಸುವರು. ಹಣವು ಊಟಕ್ಕೆ ಮಾತ್ರ. ಉಂಡವನು ಅದೇ ನೆಲದ ಮೇಲೆ ಮಲಗಿದರೆ ಅದಕ್ಕೆ ಬಾಡಿಗೆಯನ್ನು ಕೇಳುವುದು ಮರ್ಯಾದೆಯಲ್ಲವೆಂದು ಭಾವಿಸುತ್ತಿದ್ದರು. ಉಪ್ಪಿನ ವ್ಯಾಪಾರಿಗಳೂ, ಗೋರಖಪುರದ ಕಡೆಯಿಂದ ರಜೆಯ ಮೇಲೆ ಊರಿಗೆ ನಡೆದು ಹೋಗುವ ಗೂರ್ಖಾ ಸಿಪಾಯಿಗಳೂ, ಮುಕ್ತಿನಾಥಕ್ಕೆ ಹೋಗುವ ಸಾಧುಗಳೂ ಒಂದೇ ಒಲೆಯ ಸುತ್ತ ಕುಳಿತೇಳುತ್ತಿದ್ದರು. ಸುಮಾರು 3,700 ಮೀಟರು ಎತ್ತರದ ಮುಕ್ತಿನಾಥವು ಶ್ರೀವೈಷ್ಣವರ ನೂರೆಂಟು ದಿವ್ಯಕ್ಷೇತ್ರಗಳಲ್ಲಿ ಒಂದು. ನೂರೆಂಟು ಗೋಮುಖಗಳಿಂದ ಧುಮುಕುವ ಹಿಮಜಲದಲ್ಲಿ ಮಿಂದು, ನೀರಿನ ಬಳಿಯೇ ಭೂಗರ್ಭದ ಅನಿಲದಿಂದ ಉರಿಯುವ ಜ್ವಾಲೆಯನ್ನು ದರ್ಶಿಸಿ ಇಳಿಯುವ ದಕ್ಷಿಣದ ಯಾತ್ರಿಕನು ಸಾಲಗ್ರಾಮವನ್ನು ಆಯ್ದುಕೊಳ್ಳುತ್ತಿದ್ದುದು ಈ ದಾರಿಯಲ್ಲಿಯೇ. ಆ ಕ್ಷೇತ್ರವು ಟಿಬೆಟ್ಟಿನ ಬೌದ್ಧರಿಗೂ ಅಷ್ಟೇ ಪವಿತ್ರ. ಬೌದ್ಧ ಸನ್ಯಾಸಿನಿಯರು ಅದನ್ನು ನೋಡಿಕೊಳ್ಳುತ್ತಾರೆ.

1950ರ ದಶಕದ ಕೊನೆಗೆ ಉಪ್ಪಿನ ಬೆನ್ನು ಮುರಿಯಿತು. ದಕ್ಷಿಣದಿಂದ ರಸ್ತೆಗಳು ಬೆಟ್ಟದ ಬುಡಕ್ಕೆ ಬಂದಂತೆಲ್ಲ ಭಾರತದ ಅಗ್ಗದ ಸಮುದ್ರದ ಉಪ್ಪು ಟಿಬೆಟ್ಟಿನ ಉಪ್ಪನ್ನು ಹಿಂದಕ್ಕೆ ತಳ್ಳಿತು. 1959ರ ಟಿಬೆಟ್ಟಿನ ಕ್ರಾಂತಿಯ ಬಳಿಕ ಚೀನಾದ ಗಡಿಕಟ್ಟು ಬಿಗಿಯಾಯಿತು. 1960ರಿಂದ 1974ರ ತನಕ ಚೀನಾದ ವಿರುದ್ಧ ಹೋರಾಡುವ ಟಿಬೆಟ್ಟಿನ ಖಂಪಾ ಗೆರಿಲ್ಲಾಗಳು ಮುಸ್ತಾಂಗಿನಲ್ಲಿ ಬೀಡುಬಿಟ್ಟುದರಿಂದ ಉಳಿದ ವ್ಯಾಪಾರವೂ ಕ್ಷೀಣಿಸಿತು. ಸಿರಿವಂತ ಸುಬ್ಬರ ಕುಟುಂಬಗಳು ಪೋಖರಾಕ್ಕೂ ಭೈರಹವಾಕ್ಕೂ ಕಠ್ಮಂಡುವಿಗೂ ಇಳಿದು ಗುತ್ತಿಗೆ, ಹೋಟೆಲು, ಅಂಗಡಿಗಳಲ್ಲಿ ತೊಡಗಿದುವು. ತುಕುಚೆಯ ಎಷ್ಟೋ ಕಣಜಗಳು ಬರಿದಾದುವು. ಹೈಮೆಂಡೋರ್ಫ್ ಎಂಬ ಮಾನವಶಾಸ್ತ್ರಜ್ಞನು ಹಿಮಾಲಯದ ವ್ಯಾಪಾರಿಗಳನ್ನು ಕುರಿತ ತನ್ನ 1975ರ ಗ್ರಂಥದಲ್ಲಿ ಈ ಸಂಕ್ರಮಣವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ.

ಆ ಬರಿದಾದ ದಾರಿಗೆ ಹೊಸ ಬಗೆಯ ದಾರಿಹೋಕನು ಬಂದನು. ಕೊಳ್ಳುವುದಕ್ಕೂ ಅಲ್ಲದೆ, ಮಾರುವುದಕ್ಕೂ ಅಲ್ಲದೆ, ದೇವರನ್ನು ನೋಡುವುದಕ್ಕೂ ಅಲ್ಲದೆ, ಸುಮ್ಮನೆ ನಡೆಯುವುದಕ್ಕೆಂದೇ ಬರುವವನನ್ನು ಕಂಡು ಬೆಟ್ಟದ ಜನರು ಮೊದಮೊದಲು ವಿಸ್ಮಯಪಟ್ಟುದು ಸಹಜವೇ. ಗೂರ್ಖಾ ಪಡೆಯಲ್ಲಿ ಸೇವೆ ಸಲ್ಲಿಸಿದ್ದ ಜಿಮ್ಮಿ ರಾಬರ್ಟ್ಸ್ ಎಂಬ ನಿವೃತ್ತ ಅಧಿಕಾರಿಯು 1964ರಲ್ಲಿ ಮೌಂಟನ್ ಟ್ರಾವೆಲ್ ಎಂಬ ಕಂಪನಿಯನ್ನು ಸ್ಥಾಪಿಸಿ, ಮರುವರ್ಷ ಮೂವರು ಅಮೆರಿಕನ್ ಮಹಿಳೆಯರನ್ನು ಎವರೆಸ್ಟಿನ ಕಡೆಗೆ ಕರೆದೊಯ್ದನು. ಹಣ ಕೊಟ್ಟು ನಡೆಯುವ ಚಾರಣವು ಮೊದಲಾದುದು ಹೀಗೆ. ಆತನದು ಡೇರೆ, ಅಡುಗೆಯವರು, ಹೊರೆಯಾಳುಗಳ ಸಾಲು, ಇವೆಲ್ಲ ಕೂಡಿದ ದಂಡಯಾತ್ರೆಯ ಮಾದರಿ. ದಾರಿಯ ಹಳ್ಳಿಯಲ್ಲಿ ಅದರಿಂದ ಉಳಿಯುವುದು ಅತ್ಯಲ್ಪ. ಇನ್ನೊಂದು ಕಡೆ, ಇಸ್ತಾಂಬುಲಿನಿಂದ ಬಸ್ಸುಗಳಲ್ಲಿ ಬಂದು ಕಠ್ಮಂಡುವಿನ ಝೋಛೆನ್ ಬೀದಿಯಲ್ಲಿ ಬಿಡಾರ ಹೂಡಿದ ಹಿಪ್ಪಿಗಳು. ಆಗ ಅಲ್ಲಿ ಚರಸ್ಸಿನ ಅಂಗಡಿಗಳಿಗೆ ಸರಕಾರದ ಪರವಾನಗಿಯೇ ಇದ್ದಿತು. ದೇವಾನಂದರ 1971ರ ‘ಹರೇ ರಾಮ ಹರೇ ಕೃಷ್ಣ’ ಚಲನಚಿತ್ರವನ್ನು ನೋಡಿದ ನಮ್ಮವರಿಗೆ ಆ ಬೀದಿಗಳ ಪರಿಚಯವುಂಟು. 1973ರಲ್ಲಿ ಪರವಾನಗಿಗಳು ರದ್ದಾದುವು. ಹಿಪ್ಪಿಗಳನ್ನು ಬೈಯುವುದು ಸುಲಭ. ಆದರೆ ಬಡ ಚಾರಣಿಗನು ಡೇರೆಯಿಲ್ಲದೆ, ಅಡುಗೆಯವನಿಲ್ಲದೆ, ಕೈಚೀಲವೊಂದನ್ನು ಹೊತ್ತು ಥಕಾಲಿಯ ಭಟ್ಟಿಯಲ್ಲಿ ಸಿಪಾಯಿಯ ಪಕ್ಕದಲ್ಲಿ ಕುಳಿತು ಅನ್ನ ತೊವ್ವೆಯನ್ನು ಉಂಡಾಗ, ಅವನು ಕೊಟ್ಟ ಕೆಲವೇ ರೂಪಾಯಿಗಳು ನೇರವಾಗಿ ಮನೆಯೊಡತಿಯ ಕೈಗೆ ಬಿದ್ದುವು. ದೊಡ್ಡ ತಂಡದ ಸಾವಿರಕ್ಕಿಂತ ಆ ಹತ್ತು ರೂಪಾಯಿ ಹಳ್ಳಿಗೆ ಹೆಚ್ಚಿನದಾಗಿದ್ದಿತು.

1977ರಲ್ಲಿ ಮನಾಂಗಿನ ಕಡೆಯ ದಾರಿಯೂ ತೆರೆದು ಅನ್ನಪೂರ್ಣೆಯನ್ನು ಸುತ್ತಿಬರುವ ಪ್ರದಕ್ಷಿಣೆಯು ಸಾಧ್ಯವಾದ ಮೇಲೆ ಭಟ್ಟಿಗಳು ಬಲುಬೇಗ ಬದಲಾದುವು. ನೆಲದ ಚಾಪೆಯ ಬದಲು ಮಂಚ, ಮಂಚಕ್ಕೆ ಬೇರೆ ಕೋಣೆ, ಬಾಗಿಲಿಗೆ ಇಂಗ್ಲಿಷ್ ಹಲಗೆ. ಆದರೂ ಮಲಗಲು ಹೆಸರಿಗೆ ಮಾತ್ರದ ಬಾಡಿಗೆ, ಲಾಭವೆಲ್ಲ ಊಟದಲ್ಲಿ ಎಂಬ ಹಳೆಯ ಲೆಕ್ಕವು ಹಾಗೆಯೇ ಉಳಿಯಿತು. ಕೋಣೆ ಹಿಡಿದವನು ಅಲ್ಲಿಯೇ ಉಣ್ಣಬೇಕೆಂಬ ಕಟ್ಟಳೆಯು ಇಂದಿಗೂ ನಡೆಯುತ್ತಿದೆ. 1960ರ ದಶಕದಲ್ಲಿ ಗಂಡಕಿಯ ಕಣಿವೆಯ ಮಾರ್ಫಾ ಗ್ರಾಮದಲ್ಲಿ ಸರಕಾರವು ತೋಟಗಾರಿಕೆಯ ಕ್ಷೇತ್ರವನ್ನು ಆರಂಭಿಸಿದ್ದಿತು. ಅಲ್ಲಿ ಬೆಳೆದ ಸೇಬನ್ನು ಕೆಳಗಿನ ಪೇಟೆಗೆ ಹೊತ್ತೊಯ್ದರೆ ಕೂಲಿಯೂ ಗಿಟ್ಟದು, ಆದರೆ ಕಡುಬಾಗಿಯೋ ಬ್ರಾಂದಿಯಾಗಿಯೋ ಚಾರಣಿಗನ ತಟ್ಟೆಗೆ ಬಂದರೆ ನಾಲ್ಕು ಕಾಸು ಉಳಿಯುವುದು. ಪ್ರವಾಸಿಗನ ಹಣವು ಒಂದು ಊರಿನಲ್ಲಿ ನಿಲ್ಲಬೇಕಾದರೆ ಅವನು ಉಣ್ಣುವುದು ಆ ಊರಿನ ನೆಲದಲ್ಲಿ ಬೆಳೆದಿರಬೇಕೆಂಬುದನ್ನು ಮಾರ್ಫಾದವರು ಅರ್ಥಶಾಸ್ತ್ರಜ್ಞರ ಸಹಾಯವಿಲ್ಲದೆಯೇ ಕಂಡುಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಕಣಿವೆಯಲ್ಲಿ ನಿಲ್ಲಗೊಡದಂತಹ ಗಾಳಿ ಏಳುತ್ತದೆ. ಜೋಮ್‌ಸೋಮಿನ ವಿಮಾನಗಳೆಲ್ಲ ಬೆಳಗಿನ ಹೊತ್ತೇ ಹಾರಿಹೋಗಬೇಕು. ಗಾಳಿಗೆ ಸಿಕ್ಕಿ ನಿಂತುಹೋದ ಪ್ರವಾಸಿಗನು ಇನ್ನೊಂದು ರಾತ್ರಿ ಉಳಿಯುವುದೂ ಆ ಊರಿಗೆ ಒಂದು ಆದಾಯವೇ.

ನಷ್ಟವೂ ಇಲ್ಲದಿರಲಿಲ್ಲ. ಘೋರೇಪಾನಿಯ ಕಣಿವೆಯಂಚಿನಲ್ಲಿ ಚಾರಣಿಗರ ಬಿಸಿನೀರಿನ ಸ್ನಾನಕ್ಕೆಂದು ಗುರಾಂಸ್ ಮರಗಳ ಕಾಡು ಒಲೆಗೆ ಹೋಗತೊಡಗಿತು. 1986ರಲ್ಲಿ ಘಾಂದ್ರುಕಿನಿಂದ ಆರಂಭವಾದ ಅನ್ನಪೂರ್ಣಾ ಸಂರಕ್ಷಣ ಯೋಜನೆಯು ಜನರನ್ನು ಹೊರಗಟ್ಟದೆ, ಪ್ರವೇಶಶುಲ್ಕವನ್ನು ಅಲ್ಲಿಯೇ ಕಾಲುದಾರಿ, ಸೀಮೆಎಣ್ಣೆ, ಸಸಿಮಡಿ, ಶಾಲೆಗಳಿಗೆ ವೆಚ್ಚಮಾಡುವ ನೀತಿಯನ್ನು ಹಿಡಿಯಿತು. ನೇಪಾಳವು ಈ ಉದ್ಯಮದಲ್ಲಿ ಜಗತ್ತಿಗೆ ಕಲಿಸಿದ ಪಾಠವೊಂದಿದ್ದರೆ ಇದೇ ಎಂದು ನನಗೆ ತೋರುತ್ತದೆ. 1992ರಲ್ಲಿ ಮೇಲು ಮುಸ್ತಾಂಗನ್ನು ತೆರೆದಾಗ ಅಂತಹ ಔದಾರ್ಯವು ಕಾಣಲಿಲ್ಲ. ಬಹುಕಾಲ ಹತ್ತು ದಿನಕ್ಕೆ 500 ಡಾಲರಿನಂತೆ ವಸೂಲಾದ ಶುಲ್ಕವು ಬಹುಪಾಲು ರಾಜಧಾನಿಗೆ ಹೋಯಿತೆಂಬ ಅಸಮಾಧಾನವು ಅಲ್ಲಿನವರಲ್ಲಿ ಆಗಾಗ ಕೇಳಿಬಂದಿದೆ.

ಪೂರ್ವದ ಖುಂಬುವಿನ ಶೆರ್ಪಾಗಳ ಕಥೆಯು ಇದಕ್ಕೆ ಸಮಾಂತರವಾದುದು. ನಾಂಗ್ಪಾ ಲಾ ಕಣಿವೆಬಾಗಿಲನ್ನು ದಾಟಿ ಉಪ್ಪು, ಉಣ್ಣೆಗಳನ್ನು ತರುತ್ತಿದ್ದ ಅವರ ವ್ಯಾಪಾರವೂ ಅದೇ ವರ್ಷಗಳಲ್ಲಿ ಕುಸಿದು, ಪರ್ವತಾರೋಹಣವು ಅದರ ಸ್ಥಾನಕ್ಕೆ ಬಂದಿತು. 1964ರಲ್ಲಿ ಹಿಲರಿಯು ಲುಕ್ಲಾದ ಇಳಿಜಾರಿನಲ್ಲಿ ವಿಮಾನದ ಹಾದಿಯನ್ನು ಮಾಡಿಸಿದಾಗ, ಮಣ್ಣನ್ನು ಗಟ್ಟಿಮಾಡಲು ಶೆರ್ಪಾಗಳಿಗೆ ಛಾಂಗ್ ಎಂಬ ಮದ್ಯವನ್ನು ಕುಡಿಸಿ ಸಾಲುಗಟ್ಟಿ ಕುಣಿಸಿದನೆಂಬ ಮಾತು ಪ್ರಸಿದ್ಧವಾಗಿದೆ. ಆದರೆ ಉಪ್ಪಿನ ಹಳೆಯ ದಾರಿಗಳೆಲ್ಲ ಹೀಗೆ ಉದ್ಧಾರವಾದುವೆಂದು ಭಾವಿಸಲಾಗದು. ಪಶ್ಚಿಮದ ಹುಮ್ಲಾದಲ್ಲಿ ಆಡು ಕುರಿಗಳ ಬೆನ್ನಿಗೆ ಸಣ್ಣ ಚೀಲಗಳನ್ನು ಕಟ್ಟಿ ಉಪ್ಪನ್ನು ಸಾಗಿಸುತ್ತಿದ್ದವರಿಗೂ ಅದೇ ಆಪತ್ತು ಬಂದಿತು. ಅವರ ಪರ್ವತಗಳೂ ಸುಂದರವಾದುವೇ. ಆದರೆ ಅವರಿಗೆ ಇಜಾರೆಯ ಬಂಡವಾಳವಿರಲಿಲ್ಲ, ಸಮೀಪದಲ್ಲಿ ಪೋಖರಾದಂತಹ ಪಟ್ಟಣವಿರಲಿಲ್ಲ, ದಾರಿಗುಂಟ ಭಟ್ಟಿಗಳಿರಲಿಲ್ಲ. ಹುಮ್ಲಾ ಸೇರಿರುವ ಕರ್ಣಾಲಿಯ ಸೀಮೆಯು ಇಂದಿಗೂ ನೇಪಾಳದ ಬಡತನದ ತೌರಾಗಿದೆ.

ದೇಶದ ಒಟ್ಟು ಲೆಕ್ಕಕ್ಕೆ ಬಂದರೆ, 1976ರಲ್ಲಿ ಒಂದು ಲಕ್ಷವನ್ನು ದಾಟಿದ ಪ್ರವಾಸಿಗರ ಸಂಖ್ಯೆ 1999ರಲ್ಲಿ 4,91,504ಕ್ಕೆ ಏರಿ, ಆ ವರ್ಷದ ಕೊನೆಯಲ್ಲಿ ಕಠ್ಮಂಡುವಿನಿಂದ ಹೊರಟ ಭಾರತದ ವಿಮಾನದ ಅಪಹರಣ, 2001ರ ಜೂನಿನ ಅರಮನೆಯ ಹತ್ಯಾಕಾಂಡ, ಮಾವೋವಾದಿಗಳ ಯುದ್ಧ ಇವುಗಳಿಂದ 2002ರಲ್ಲಿ 2,75,468ಕ್ಕೆ ಇಳಿಯಿತು. 2014ರಲ್ಲಿ 7,90,118, ಭೂಕಂಪದ ಪೆಟ್ಟಿನಿಂದ 2015ರಲ್ಲಿ 5,38,970, 2019ರಲ್ಲಿ 11,97,191, ಮಹಾಮಾರಿಯ 2021ರಲ್ಲಿ ಬರಿಯ 1,50,962, 2024ರಲ್ಲಿ ಮತ್ತೆ ಹನ್ನೊಂದು ಲಕ್ಷದ ಮೇಲೆ. ಎರಡು ದಶಕಗಳಲ್ಲಿ ಮೂರು ಬಾರಿ ಹೀಗೆ ಬೀಳುವ ಬೆಳೆಯನ್ನು ನಂಬಿ ಸಾಲ ಮಾಡಿದವನ ಗತಿಯನ್ನು ಊಹಿಸಬಹುದು. ಒಳ್ಳೆಯ ವರುಷಗಳಲ್ಲಿಯೂ, ಪ್ರತ್ಯಕ್ಷ ಪರೋಕ್ಷಗಳನ್ನೆಲ್ಲ ಕೂಡಿಸಿದರೆ, ದೇಶದ ಒಟ್ಟು ಉತ್ಪನ್ನದಲ್ಲಿ ಪ್ರವಾಸೋದ್ಯಮದ ಪಾಲು ನೂರಕ್ಕೆ ಆರು ಏಳರ ಆಸುಪಾಸು; ಕೊಲ್ಲಿ ದೇಶಗಳಲ್ಲಿಯೂ ಮಲೇಶಿಯಾದಲ್ಲಿಯೂ ದುಡಿಯುವ ನೇಪಾಳೀಯರು ಮನೆಗೆ ಕಳುಹಿಸುವ ಹಣವಾದರೋ ನಾಲ್ಕರಲ್ಲಿ ಒಂದು ಪಾಲಿನಷ್ಟು. ನೇಪಾಳವನ್ನು ಸಾಕುತ್ತಿರುವವರು ಅಲ್ಲಿಗೆ ಬರುವವರಿಗಿಂತ ಹೆಚ್ಚಾಗಿ ಅಲ್ಲಿಂದ ಹೋದವರು. ಇಷ್ಟಾಗಿಯೂ ಚೀನಾದ ಸಾಲದಿಂದ ಪೋಖರಾದಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವನ್ನು ಕಟ್ಟಿ 2023ರ ಮೊದಲ ದಿನ ಉದ್ಘಾಟಿಸಿದರು. ಹೊರದೇಶದ ವಿಮಾನಗಳು ಅಲ್ಲಿ ಇಳಿಯುವುದು ಅಪರೂಪ.

ಆ ಸಂಖ್ಯೆಗಳಲ್ಲಿ ಇನ್ನೊಂದು ಲೋಪವುಂಟು. ಭಾರತದಿಂದ ಭೂಮಾರ್ಗವಾಗಿ, ಪಾಸ್‌ಪೋರ್ಟಿನ ಹಂಗಿಲ್ಲದೆ ಗಡಿಯನ್ನು ದಾಟುವವರು ಅವುಗಳೊಳಗೆ ಸೇರಿಲ್ಲ. ಎಲ್ಲರಿಗಿಂತ ಹಳೆಯ ಅತಿಥಿಯಾದ ಯಾತ್ರಿಕನೇ ಲೆಕ್ಕದ ಪುಸ್ತಕದಿಂದ ಹೊರಗೆ ಉಳಿದಿದ್ದಾನೆ.

ಹೊರೆಯಾಳು ಪುಸ್ತಕದೊಳಗೆ ಇದ್ದರೂ ಕೆಳಗಿನ ಸಾಲಿನಲ್ಲಿ ಇದ್ದಾನೆ. ಡೋಕೊ ಎಂಬ ಶಂಕುವಿನಾಕಾರದ ಬಿದಿರಿನ ಬುಟ್ಟಿ, ಅದರ ಭಾರವನ್ನೆಲ್ಲ ಹಣೆಗೆ ತಂದು ನಿಲ್ಲಿಸುವ ನಾಮ್ಲೊ ಎಂಬ ಪಟ್ಟಿ, ನಿಂತಾಗ ಬುಟ್ಟಿಯ ಕೆಳಗೆ ಊರಿಕೊಳ್ಳುವ ಗಿಡ್ಡ ಊರುಗೋಲು; ಸಲಕರಣೆಯು ಉಪ್ಪಿನ ಕಾಲದ್ದೇ. ಹೊರುವವನು ಬಹುಮಟ್ಟಿಗೆ ಥಕಾಲಿಯೂ ಅಲ್ಲ, ಶೆರ್ಪಾನೂ ಅಲ್ಲ. ಕೆಳಗಿನ ಬೆಟ್ಟಗಳ ತಾಮಾಂಗ್, ರಾಯಿ, ಮಗರ್ ರೈತ, ಸುಗ್ಗಿಯ ಸಂದಿನಲ್ಲಿ ಬಂದವನು. 2014ರ ಏಪ್ರಿಲಿನಲ್ಲಿ ಎವರೆಸ್ಟಿನ ಹಿಮಪ್ರಪಾತದಲ್ಲಿ ಹದಿನಾರು ಮಂದಿ ನೇಪಾಳೀ ಕೆಲಸಗಾರರು ಒಮ್ಮೆಗೇ ಮಡಿದಾಗ, ಸರಕಾರವು ಮೊದಲು ಘೋಷಿಸಿದ ಪರಿಹಾರವು ಕುಟುಂಬಕ್ಕೆ ನಲವತ್ತು ಸಾವಿರ ನೇಪಾಳೀ ರೂಪಾಯಿ. ಉಳಿದ ಶೆರ್ಪಾಗಳಲ್ಲಿ ಹೆಚ್ಚಿನವರು ಆ ವರ್ಷ ಶಿಖರಕ್ಕೆ ಹೋಗಲು ಒಪ್ಪಲಿಲ್ಲ. ಅನಂತರವೇ ವಿಮೆಯ ಮೊತ್ತ ಏರಿದುದು.

2008ರ ಹೊತ್ತಿಗೆ ಬೇನಿಯಿಂದ ಜೋಮ್‌ಸೋಮಿಗೆ ಜೀಪು ಓಡುವ ಕಚ್ಚಾರಸ್ತೆಯು ಗಂಡಕಿಯ ದಾರಿಯನ್ನೇ ತುಳಿದುಕೊಂಡು ಬಂದಿತು. ಧೂಳನ್ನು ಕುಡಿಯುತ್ತ ನಡೆಯಲು ಯಾವ ಚಾರಣಿಗನು ದೂರದೇಶದಿಂದ ಬಂದಾನು? ಘಾಸಾ, ಕಾಲೋಪಾನಿಗಳಂತಹ, ದಿನಕ್ಕೊಂದು ಬಿಡಾರವೆಂಬ ಲೆಕ್ಕದ ಮೇಲೆ ನಿಂತ ಊರುಗಳನ್ನು ಜೀಪು ನಿಲ್ಲದೆ ದಾಟಿಹೋಗತೊಡಗಿತು. ರಸ್ತೆಯನ್ನು ಹಳಿಯುವ ಲೇಖನಗಳನ್ನು ಬರೆದವರಲ್ಲಿ ಹೆಚ್ಚಿನವರು ಹೊರಗಿನವರು. ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಡೋಕೊದಲ್ಲಿ ಕೂರಿಸಿ ದಿನಗಟ್ಟಲೆ ಹೊರಬೇಕಾಗಿದ್ದ ಊರಿನವರು ಅದನ್ನು ಬೇಡವೆನ್ನಲಿಲ್ಲ. ಸೇಬು ಕೊನೆಗೂ ಕೆಳಗಿನ ಪೇಟೆಯನ್ನು ಕಂಡಿತು. ಭಾರತದ ಯಾತ್ರಿಕರು, ಅವರಲ್ಲಿ ನಡೆಯಲಾರದ ವೃದ್ಧರು, ಬಸ್ಸು ಜೀಪುಗಳಲ್ಲಿ ಮುಕ್ತಿನಾಥದ ಬುಡದವರೆಗೂ ಬರತೊಡಗಿದರು. ಅಲ್ಲಿನ ರಾಣಿಪೌವಾದ ಹೋಟೆಲುಗಳು ಶಾಕಾಹಾರದ ಹಲಗೆಗಳನ್ನು ತೂಗುಹಾಕಿದುವು. ಸಂರಕ್ಷಣ ಯೋಜನೆಯವರು ಚಾರಣಿಗರಿಗಾಗಿ ನದಿಯ ಆಚೆಯ ದಂಡೆಯಲ್ಲಿ ಬಣ್ಣದ ಗುರುತುಗಳನ್ನು ಹಾಕಿ ಬದಲುದಾರಿಯನ್ನು ತೋರಿಸಿದ್ದಾರೆ. ಹಿಂದೆ ಚಾರಣಿಗರು ಹೆಚ್ಚಾಗಿ ತಂಗದಿದ್ದ ಛೈರೋ, ಚಿಮಾಂಗ್‌ಗಳಂತಹ ಹಳ್ಳಿಗಳು ಆ ಹಾದಿಯ ಮೇಲೆ ಬೀಳುತ್ತವೆ. ಇತ್ತ ರಸ್ತೆಯು ಜೋಮ್‌ಸೋಮನ್ನು ದಾಟಿ ಮೇಲು ಮುಸ್ತಾಂಗಿನ ಮೂಲಕ ಟಿಬೆಟ್ಟಿನ ಗಡಿಯ ಕೋರಲಾವನ್ನು ಮುಟ್ಟಿದೆ. ಈಚಿನ ವರ್ಷಗಳಲ್ಲಿ ಆ ಗಡಿಯನ್ನು ವ್ಯಾಪಾರಕ್ಕೆ ತೆರೆದಿದ್ದಾರೆ. ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳು ಆ ದಾರಿಯಲ್ಲಿ ಸ್ವಂತ ಚಕ್ರಗಳ ಮೇಲೆಯೇ ದಕ್ಷಿಣಕ್ಕೆ ಇಳಿಯುತ್ತಿವೆ.